ಕಾರಣ ಬರೆಯುವ ಜಾಗ

ಹನ್ನೊಂದು ಸಾಲು. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ತಾಗಿಸಿ ಕುಳಿತ ವಿಜಯಮಹಾಂತೇಶ ಅವನ್ನು ಮತ್ತೊಮ್ಮೆ ಎಣಿಸಿದ. ಜನವರಿಯಲ್ಲಿ ಏಳು, ಫೆಬ್ರುವರಿಯಲ್ಲಿ ನಾಲ್ಕು. ಎಣಿಸಲು ಪುಸ್ತಕ ಬೇಕಾಗಿರಲಿಲ್ಲ. ಹತ್ತೊಂಬತ್ತು ದಿನಗಳಿಂದ ಅವು ಕಣ್ಣ ಮುಂದೆಯೇ ನಿಂತಿದ್ದವು, ಅವನದೇ ದುಂಡು ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ. ಶ್ವೇತಾ, ಎಂಟನೆಯ ತರಗತಿ, ಬ ವಿಭಾಗ. ಬಂದ ಸಮಯ ಒಂಬತ್ತು ಐವತ್ತೆರಡು, ಒಂಬತ್ತು ಐವತ್ತೇಳು, ಹತ್ತು ಗಂಟೆ ಮೂರು ನಿಮಿಷ. ಸಮಯವನ್ನು ಅವನು ಎಂದೂ ಐವತ್ತು, ಐವತ್ತೈದು ಎಂದು ಸರಿಮಾಡಿ ಬರೆದವನಲ್ಲ. ಶಾಲೆಯ ಆಫೀಸಿನ ಗೋಡೆ ಗಡಿಯಾರವನ್ನು ವಾರಕ್ಕೊಮ್ಮೆ ಮೊಬೈಲಿನೊಂದಿಗೆ ತಾಳೆ ನೋಡುತ್ತಿದ್ದ. ನಿಮಿಷದ ಮಟ್ಟಿಗೆ ಆ ಪುಸ್ತಕದಲ್ಲಿ ಒಂದು ಸುಳ್ಳೂ ಇರಲಿಲ್ಲ. ಸಮಯದ ಪಕ್ಕದ ಅಂಕಣ ಕಾರಣದ್ದು. ತಡವಾಗಿ ಬಂದವರ ಪುಸ್ತಕವೆಂದು ಅಂಗಡಿಯಲ್ಲಿ ಯಾವುದೂ ಸಿಗದಿದ್ದಾಗ ಅವನೇ ಉದ್ದದ ನೋಟುಬುಕ್ಕಿಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದ. ಕಾರಣಕ್ಕೆ ಒಂದೂವರೆ ಇಂಚು ಬಿಟ್ಟಿದ್ದ. ಅಷ್ಟರಲ್ಲಿ ಎರಡು ಪದ ಹಿಡಿಯುತ್ತವೆ. ಹನ್ನೊಂದು ಸಾಲಿನಲ್ಲೂ ಅವೇ ಎರಡು ಪದ: ತಡವಾಗಿ ಎದ್ದದ್ದು. ಅಲ್ಲ, ಏಳು ಸಾಲಿನಲ್ಲಿ. ಉಳಿದ ನಾಲ್ಕರಲ್ಲಿ ಪದಗಳೂ ಇರಲಿಲ್ಲ. ಮೇಲಿನ ಸಾಲಿನ ಹುಡುಗನ ಕಾರಣವೇ ಇವಳದ್ದೂ ಎಂದು ತೋರಿಸುವ ಎರಡು ಸಣ್ಣ ಗೀಟು. ಪ್ರತಿಯೊಂದರ ಎದುರಿಗೂ, ಪಾಲಕರ ಸಹಿಯ ಜಾಗದಲ್ಲಿ, ಹುಡುಗಿಯ ತಾಯಿ ಹೊಳಿಯವ್ವನ ಹೆಬ್ಬೆಟ್ಟಿನ ಗುರುತು.

ಕದರಮಂಡಲಗಿಯಲ್ಲಿ ಗುಡಿಗೆ ಹೋಗುವವರು ಇಳಿದರು; ಕಂಡಕ್ಟರನೂ ಇಳಿದು ಯಾರೊಡನೆಯೋ ಮಾತಿಗೆ ನಿಂತ. ವಿಜಯಮಹಾಂತೇಶ ಶಾಲೆಯ ಗೇಟು ದಾಟಿದಾಗ ಒಂಬತ್ತು ನಲವತ್ತೊಂದು. ಸಿಬ್ಬಂದಿಯ ಹಾಜರಿ ಪುಸ್ತಕದಲ್ಲಿ ಒಂಬತ್ತು ಮೂವತ್ತು ಎಂದು ಬರೆದು ಸಹಿ ಮಾಡಿದ. ಇಪ್ಪತ್ತೆರಡು ವರ್ಷಗಳಿಂದ ಎಲ್ಲರೂ ಹಾಗೆಯೇ ಬರೆಯುತ್ತ ಬಂದಿದ್ದರು. ಅದು ಬೇರೆ ಪುಸ್ತಕ. ಮೈದಾನದಲ್ಲಿ ಪ್ರಾರ್ಥನೆ ನಡೆದಿತ್ತು. ನಲವತ್ತೈದಕ್ಕೆ ಗೇಟು ಮುಚ್ಚಬೇಕು. ಆಮೇಲೆ ಬಂದ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಆಫೀಸಿನ ಕಿಟಕಿಗೆ ಬಂದು ಕಾರಣ ಹೇಳಿ ಸಹಿ ಮಾಡಬೇಕು. ಅದು ನಿಯಮ, ಅಥವಾ ಹತ್ತೊಂಬತ್ತು ದಿನಗಳ ಹಿಂದಿನವರೆಗೆ ನಿಯಮವಾಗಿತ್ತು. ಈಗ ಗೇಟು ತೆರೆದೇ ಇರುತ್ತದೆ. ತಡವಾಗಿ ಬಂದವರು ಮಕ್ಕಳನ್ನು ಒಳಗೆ ಬಿಟ್ಟು, ಕಿಟಕಿಯ ಕಡೆ ಒಮ್ಮೆ ನೋಡಿ, ಏನೂ ಹೇಳದೆ ಹೋಗುತ್ತಾರೆ. ಆ ನೋಟಗಳಿಗೆ ಅವನು ಹೊಂದಿಕೊಂಡಿದ್ದ. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯಿದ್ದ ಪ್ರವೀಣಕುಮಾರ ಮಾತ್ರ ನೋಡಿ ಸುಮ್ಮನೆ ಹೋಗುವವನಲ್ಲ. ಬೈಕಿನ ಮೇಲಿಂದಲೇ ಕೂಗಿದ.

“ಯಾಕ್ರೀ ಕ್ಲಾರ್ಕ್ ಸಾಹೇಬ್ರ, ಇವತ್ತೂ ಬುಕ್ ಇಲ್ಲೇನು? ನಾ ಖಾಸ್ ಪೆನ್ ತಂದೇನಿ ನೋಡ್ರಿ!”

ಅವನ ಮಗ ನಾಚಿ ತಲೆ ತಗ್ಗಿಸಿ ಓಡಿದ. ವಿಜಯಮಹಾಂತೇಶ ಕೈಗೆ ಸಿಕ್ಕ ಫೈಲು ತೆರೆದು ಅದರಲ್ಲಿ ಮುಖ ಹುದುಗಿಸಿದ.

ಜನವರಿ ಎಂಟರಂದು ಇದೇ ಪ್ರವೀಣಕುಮಾರ ಕಿಟಕಿಯೊಳಗೆ ಕೈ ಹಾಕಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಕಾರಣದ ಅಂಕಣದಲ್ಲಿ ದೊಡ್ಡದಾಗಿ ‘ನಮ್ಮ ಮರ್ಜಿ’ ಎಂದು ಬರೆದು, ಅದರ ಕೆಳಗೆ ಗೀಟು ಹಾಕಿ, ಸಹಿಯ ಬಾಲವನ್ನು ಮೂರು ಅಂಕಣ ದಾಟಿಸಿ ಎಳೆದಿದ್ದ. “ಹಿಂಗ್ಯಾಂಗ್ರೀ ಬರೀತೀರಿ” ಎಂದು ಇವನು ಎದ್ದು ನಿಂತದ್ದೂ ಸುಳ್ಳಲ್ಲ. “ಮತ್ತ ಹೆಂಗ್ ಬರೀಬೇಕ್ರೀ? ನಿಮ್ಮ ಸಾಲಿಗೆ ಬಿಲ್ಡಿಂಗ್ ಫಂಡ್ ಕೊಟ್ಟಾಗ ಹೆಂಗ ಬರದೀರಿ, ಹಂಗ ಬರಕೋರಿ” ಎಂದು ಅವನು ನಕ್ಕ. ಸಾಲಿನಲ್ಲಿ ನಿಂತಿದ್ದ ಏಳೆಂಟು ಜನರೂ ನಕ್ಕರು. ಕುಳಿತುಕೊಂಡ ಮೇಲೆ ವಿಜಯಮಹಾಂತೇಶನ ಕಿವಿಯ ಹಿಂದೆ ಬಿಸಿ ಏರಿತ್ತು. ಮುಂದಿನವರು ಯಾರು ಎಂದು ಗದರಿದಾಗ ಕಿಟಕಿಗೆ ಬಂದವಳು ಹೊಳಿಯವ್ವ. ಅವಳೊಂದಿಗೆ ಆ ಘಾಟು ಬಂತು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸೀರೆಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಇಳಿಯದೇ ಕೂತಿರುವ ಘಾಟು. ಅವನಿಗೆ ಮೂರು ಸಲ ಒಂದರ ಹಿಂದೊಂದು ಸೀನು ಬಂತು. ಸಾಲಿನಲ್ಲಿ ಮತ್ತೆ ಯಾರೋ ನಕ್ಕರು.

“ಸಾಹೇಬ್ರ, ಹುಡುಗಿಗೆ ಮುಂಜಾನೆ ಏಳಾಕ ಆಗವಲ್ದರಿ” ಎಂದಿದ್ದಳು ಅವಳು. “ಎದ್ದಕೂಡ್ಲೆ ಎದಿ ಡವಡವ ಹೊಡಕೋತೈತಿ. ಗ್ವಾಡಿಗೆ ತಲಿ ಹಚ್ಚಿ ಅರ್ಧಾ ತಾಸು ಕುಂದ್ರತಾಳ. ನಡದ್ರ ದಮ್ಮ ಹತ್ತತೈತಿ. ಹಾದ್ಯಾಗ ಮೂರ್ ಕಡೆ ಕುಂದ್ರಿಸಿ ಕುಂದ್ರಿಸಿ ಕರಕೊಂಡ್ ಬಂದೇನ್ರಿ. ಹಾವೇರಿ ದವಾಖಾನ್ಯಾಗ ಹುಬ್ಬಳ್ಳಿಗೆ ಒಯ್ಯಿ ಅಂದಾರ, ಇದೊಂದ್ ಸೀಜನ್ ಮುಗೀಲಿ...”

ಮಾತು ಮುಂದುವರಿಯುತ್ತಿತ್ತು. ಅವನು ಕಣ್ಣೊರೆಸಿಕೊಳ್ಳುತ್ತ ಬರೆದು ಮುಗಿಸಿದ್ದ. “ಆತು, ಹೆಬ್ಬಟ್ಟ ಒತ್ತವಾ, ಲಗೂ.”

ಆ ಎರಡು ಪದಗಳನ್ನೇ ಯಾಕೆ ಬರೆದೆ ಎಂದು ಅವನು ಈ ಹತ್ತೊಂಬತ್ತು ದಿನಗಳಲ್ಲಿ ಎಷ್ಟು ಸಲ ತನ್ನನ್ನು ಕೇಳಿಕೊಂಡಿದ್ದನೆಂದರೆ, ಪ್ರಶ್ನೆ ತನ್ನ ಚೂಪು ಕಳೆದುಕೊಂಡು ಹಲ್ಲಿನ ಸಂದಿಯ ಅಡಿಕೆಯ ಚೂರಿನಂತೆ ನಾಲಗೆಗೆ ತಾಗುತ್ತ ಉಳಿದಿತ್ತು. ಜಾಗ ಕಡಿಮೆಯಿತ್ತು ಎಂದು ಮೊದಲು ಹೇಳಿಕೊಂಡ. ಆದರೆ ‘ಅನಾರೋಗ್ಯ’ ಅದಕ್ಕಿಂತ ಚಿಕ್ಕ ಪದ, ಬೆರಳು ಮಡಚಿ ಎಣಿಸಿ ನೋಡಿದ. ಘಾಟಿನಿಂದಾಗಿ ಎಂದುಕೊಂಡ, ಆದರೆ ಸೀನು ಬಂದದ್ದು ಆ ಒಂದು ದಿನ ಮಾತ್ರ. ನಿಜ ಇಷ್ಟೇ: ಅನಾರೋಗ್ಯ ಎಂದು ಬರೆದರೆ ಡಾಕ್ಟರ ಚೀಟಿ ಕೇಳಬೇಕು, ಚೀಟಿಯಿಲ್ಲದಿದ್ದರೆ ಮಗುವನ್ನು ವಾಪಸು ಕಳಿಸಬೇಕು, ಚೀಟಿ ತಂದರೆ ಅದಕ್ಕೊಂದು ನಂಬರು, ಒಂದು ಫೈಲು, ಹೆಡ್‌ಮಾಸ್ತರರ ಸಹಿ. ತಡವಾಗಿ ಎದ್ದದ್ದಕ್ಕೆ ಯಾವ ಪುರಾವೆಯೂ ಬೇಡ. ಹಾಗೆ ಬರೆದರೆ ಹುಡುಗಿ ಕನಿಷ್ಠ ಕ್ಲಾಸಿನೊಳಗೆ ಹೋಗುತ್ತಾಳೆ. ಉಪಕಾರವೇ ಮಾಡುತ್ತಿದ್ದೇನೆ ಎಂದು ಅವನಿಗೆ ಆಗ ಅನಿಸಿತ್ತು. ಎರಡನೆಯ ಸಲವೋ ಮೂರನೆಯ ಸಲವೋ ಹಾಗೆ ಅನಿಸಿದ್ದು ಚೆನ್ನಾಗಿ ನೆನಪಿದೆ. ಹತ್ತೂಕಾಲಿಗೆ ಪುಸ್ತಕ ಪಿ.ಟಿ. ಮಾಸ್ತರ ದುರ್ಗೇಶನ ಕೈಗೆ ಹೋಗುತ್ತದೆ. ಬಸ್ಸು, ಅನಾರೋಗ್ಯ ಎಂದು ಬರೆದ ಹೆಸರುಗಳನ್ನು ಬಿಟ್ಟು ಉಳಿದವರನ್ನು ಅವನು ಮೈದಾನದ ಸುತ್ತ ಎರಡು ಸುತ್ತು ಓಡಿಸುತ್ತಾನೆ. ಅದೂ ಗೊತ್ತಿತ್ತು. ಎರಡು ಸುತ್ತು, ಹದಿಮೂರು ವರ್ಷದ ಮಗುವಿಗೆ ಏನು ಮಹಾ?

ಹೆಡ್‌ಮಾಸ್ತರ ಫಕ್ಕೀರಪ್ಪನವರು ಪ್ರಾರ್ಥನೆ ಮುಗಿಸಿ ಬಂದು ಎದುರಿನ ಕುರ್ಚಿ ಎಳೆದುಕೊಂಡರು. ಎಂದೂ ಹಾಗೆ ಕ್ಲಾರ್ಕಿನ ಎದುರು ಕುಳಿತವರಲ್ಲ.

“ಹಾವೇರಿ ಶಿಕ್ಷಣ ಇಲಾಖೆಯಿಂದ ಪುಷ್ಪಲತಾ ಮೇಡಂ ಹನ್ನೊಂದಕ್ಕ ವಿಚಾರಣೆಗೆ ಬರ್ತಾರ. ಬುಕ್ ಒಂದ್ ರೆಡಿ ಇಡ್ರಿ. ಉಳಿದದ್ದೇನೂ ಬ್ಯಾಡ.”

“ಸರ್, ಆಕಿ ಬಾಯಿಲೆ ಹೇಳಿದ್ಲು ಅಂತ ಕೇಳಿದ್ರ...”

“ಬಾಯಿಲೆ ಹೇಳಿದ್ದಕ್ಕ ದಾಖಲೆ ಎಲ್ಲೈತ್ರಿ?” ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ಹೆದರಿದ ಮುದುಕನ ಮುಖದಂತಿತ್ತು. “ನೋಡ್ರಿ ವಿಜಯಮಹಾಂತೇಶ, ನನಗಿನ್ನ ಏಳ್ ತಿಂಗಳ ಸರ್ವಿಸ್. ದುರ್ಗೇಶಗ ಮೊನ್ನೆ ಕೂಸು ಹುಟ್ಟೈತಿ. ನಿಮಗ ಎಂಟು ವರ್ಷ ಉಳದಾವು. ನೀವು ಬರದೀರಿ, ಆಕಿ ಹೆಬ್ಬಟ್ಟ ಒತ್ಯಾಳ. ಇಷ್ಟ ಖರೇ. ಇದರ ಹೊರಗ ಯಾವ ಖರೇನೂ ಬ್ಯಾಡ ನಮಗ.”

ಅವರು ಎದ್ದು ಹೋದ ಮೇಲೆ ನೀರಿನ ಕೊಡ ತುಂಬಿಸಲು ಬಂದ ಆಯಾ ಮೆಹಬೂಬಿ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. “ನಾನೂ ಇಲ್ಲೇ ನಿಂತಿದ್ನೆಲ್ರಿ ಸರ, ಇದ ಕೊಡ ಹಿಡಕೊಂಡು.”

“ಎಂದು?”

“ಎಂದು ಅಂದ್ರ? ಎಲ್ಲಾ ದಿನ. ಪಾಪ, ದಿನಾ ಅದನ್ನ ಹೇಳತಿದ್ಲು. ನನಗ ಬಾಯಿಪಾಠ ಆಗೇತಿ.” ಕೊಡದೊಳಗೆ ನೀರು ಬೀಳುವ ಸದ್ದು ಏರುತ್ತ ಹೋಯಿತು. “ಹೆದರಬ್ಯಾಡ್ರಿ. ನನ್ನ ಯಾರೂ ಕೇಳೂದಿಲ್ಲ. ಕೇಳಿದ್ರೂ ನಂದು ದಿನಗೂಲಿ, ನನಗ ಕಿವಿ ಇಲ್ಲ. ಪರ್ಮನೆಂಟ್ ಮಂದಿಗೆ ಇರ್ತಾವ್ರಿ ಕಿವಿ.”

ಅವನು ತಲೆಯೆತ್ತುವಷ್ಟರಲ್ಲಿ ಅವಳು ಕೊಡ ಎತ್ತಿಕೊಂಡು ಹೋಗಿದ್ದಳು, ನೆಲದ ಮೇಲೆ ಒದ್ದೆ ವೃತ್ತವೊಂದು ಉಳಿದಿತ್ತು.

ಅವನು ಬಿ.ಎಸ್ಸಿ. ಓದಿದವನು. ಹಾವೇರಿಯ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಪುಟದ ನಡುವೆ ಗೆರೆ ಎಳೆದು ಪ್ರಯೋಗ, ಅವಲೋಕನ, ನಿರ್ಣಯ ಎಂದು ಮೂರು ಅಂಕಣ ಮಾಡಿಸುತ್ತಿದ್ದರು. ಕಂಡದ್ದನ್ನು ಮಾತ್ರ ನಡುವಿನ ಅಂಕಣದಲ್ಲಿ ಬರೆಯಬೇಕು, ಅಂದುಕೊಂಡದ್ದನ್ನಲ್ಲ. ಗೊತ್ತಿಲ್ಲದ ಲವಣವನ್ನು ಪತ್ತೆ ಹಚ್ಚುವ ಪರೀಕ್ಷೆಯ ದಿನ ಲ್ಯಾಬಿನ ಅಟೆಂಡರ್ ಪಕ್ಕದಲ್ಲಿ ಹಾದುಹೋಗುತ್ತ ಮೆಲ್ಲಗೆ ಹೆಸರು ಉಸುರುತ್ತಿದ್ದ, ಎಲ್ಲ ಹುಡುಗರಿಗೂ. ಜಿಂಕ್ ಸಲ್ಫೇಟ್ ಎಂದು ಗೊತ್ತಾದ ಮೇಲೆ ವಿಜಯಮಹಾಂತೇಶ ಟೆಸ್ಟ್ ಟ್ಯೂಬನ್ನು ಮುಟ್ಟಲೇ ಇಲ್ಲ. ಬಿಳಿ ಗಸಿ ತಳಕ್ಕೆ ಇಳಿಯಿತು, ಆಮ್ಲ ಹಾಕಿದರೂ ಕರಗಲಿಲ್ಲ ಎಂದು ಅಚ್ಚುಕಟ್ಟಾಗಿ ಬರೆದ. ಉತ್ತರದಿಂದ ಹಿಂದಕ್ಕೆ ನಡೆದು ಕಾಣದ ಬಿಳುಪನ್ನೆಲ್ಲ ಕಂಡ. ಅಧ್ಯಾಪಕರು ಹತ್ತಕ್ಕೆ ಹತ್ತು ಕೊಟ್ಟು, ಅವಲೋಕನ ಬರೆಯುವುದು ಹೇಗೆಂದು ಇವನನ್ನು ನೋಡಿ ಕಲಿಯಿರಿ ಎಂದು ಇಡೀ ಕ್ಲಾಸಿಗೆ ಅವನ ಹಾಳೆ ತೋರಿಸಿದರು. ಆ ಹೊಗಳಿಕೆಯ ಹೊತ್ತಿನ ನಾಚಿಕೆ ನೆನಪಿದೆ. ಆದರೆ ಅದು ಸಂತೋಷದಂತೆಯೇ ಇತ್ತು. ಇಂಥವಳು, ಇಂಥ ಓಣಿಯಿಂದ, ಈ ಹೊತ್ತಿಗೆ ಬಂದಿದ್ದಾಳೆಂದರೆ ಉತ್ತರ ಮೊದಲೇ ಗೊತ್ತಿತ್ತಲ್ಲವೆ? ಅವಳ ಮಾತು ಬರೀ ಟೆಸ್ಟ್ ಟ್ಯೂಬು. ಮುಟ್ಟಬೇಕಾದ ಅಗತ್ಯವಿರಲಿಲ್ಲ.

ಫೆಬ್ರುವರಿ ಹನ್ನೆರಡರಂದು ಅವನು ಕಿಟಕಿಯಿಂದ ನೋಡಿದ್ದ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಆರು ಮಕ್ಕಳು ಓಡುತ್ತಿದ್ದರು, ಬಿಳಿ ರಿಬ್ಬನ್ನಿನ ಒಬ್ಬಳು ಎಲ್ಲರಿಗಿಂತ ಹಿಂದೆ. ಮೊದಲ ಸುತ್ತಿನ ಕೊನೆಯಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ಸೀಟಿ ಕೇಳಿ ಮತ್ತೆ ಹೊರಟಳು. ಓಡುತ್ತಿದ್ದಳು ಎನ್ನಲಾಗದು, ಓಡುವವರ ಹಾಗೆ ಕೈ ಆಡಿಸುತ್ತ ನಡೆಯುತ್ತಿದ್ದಳು. ಇವಳು ದಮ್ಮು ಹತ್ತುತ್ತದೆ ಎನ್ನುವ ಹುಡುಗಿ ಎಂದು ಆ ಕ್ಷಣಕ್ಕೆ ಅವನಿಗೆ ಸ್ಪಷ್ಟವಾಗಿ ಹೊಳೆದಿತ್ತು. ಹೊಳೆದ ಮೇಲೆ ಅವನು ಕುಳಿತು, ಸ್ಕಾಲರ್‌ಶಿಪ್ಪಿನ ಪಟ್ಟಿಯ ಕೆಳಗೆ ಗೆರೆ ಎಳೆದ. ಗೆರೆ ಮುಗಿಯುವಷ್ಟರಲ್ಲಿ ಹೊರಗೆ ಕೂಗು ಕೇಳಿಸಿತು. ದುರ್ಗೇಶ ಅವಳನ್ನು ಎರಡೂ ಕೈಯಲ್ಲಿ ಹೊತ್ತು ಆಫೀಸಿನೊಳಗೆ ಬಂದಾಗ ಅವಳ ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಪಾದ ಬಾತುಕೊಂಡಿತ್ತು, ಚಪ್ಪಲಿಯ ಪಟ್ಟಿ ಕೂತಿದ್ದ ಜಾಗದಲ್ಲಿ ಆಳದ ಗೆರೆ ಇತ್ತು. ಹಾವೇರಿಯ ದವಾಖಾನೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತ್ತು.

ಹನ್ನೊಂದು ಬಾರಿಸಿತು. ಮೇಡಂ ಬರಲಿಲ್ಲ. ಹೊಳಿಯವ್ವ ಒಂಬತ್ತು ಗಂಟೆಗೇ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಳೆಂದು ಮೆಹಬೂಬಿ ಹೇಳಿದಳು. “ತಡಾ ಆದ್ರ ಮತ್ತ ಏನರ ಅಂದಾರು ಅಂತ ಲಗೂನ ಬಂದಾಳಂತ್ರಿ.” ಹತ್ತಿರ ಹೋಗಿ ಮಾತಾಡಿಸಬೇಕೆಂದು ಅವನು ಎರಡು ಸಲ ಎದ್ದ. ಎರಡನೆಯ ಸಲ ಬಾಗಿಲವರೆಗೂ ಹೋದ. ಅವಳು ಒಗೆದ ಸೀರೆ ಉಟ್ಟಿದ್ದಳು. ಈವತ್ತು ಘಾಟು ಇರಲಿಲ್ಲ, ಸೋಪಿನ ವಾಸನೆ ಮಾತ್ರ. ಅವನನ್ನು ಕಂಡು ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪರಿಚಯದವರನ್ನು ಕಂಡಾಗಿನ ಒಂದು ಸಮಾಧಾನ ಹಾದುಹೋಯಿತು.

“ಊಟಾ ಆತ್ರೀ ಸಾಹೇಬ್ರ?”

“ಆತವಾ. ಮೇಡಂ ಬರ್ತಾರ ಈಗ. ಕುಂಡ್ರು.”

“ನೀವ್ ಅದೀರಲ್ಲ, ನನಗ ಧೈರ್ಯ ಐತ್ರಿ. ನಮ್ಮ ಮೈದುನ ವಕೀಲರ್ನ ಕರಿಯೂಣ ಅಂದ. ನಾ ಬ್ಯಾಡಂದೆ. ಆಫೀಸಿನ ಸಾಹೇಬ್ರು ಎಲ್ಲಾ ಬರಕೊಂಡಾರ, ವಕೀಲ್ ಯಾಕ ಬೇಕು ಅಂದೆ.”

ಅವನು ಒಳಗೆ ಬಂದು ಕುಳಿತ. ಎದುರಿಗೆ ಪುಸ್ತಕವಿತ್ತು. ಈಗಲೂ ಪೆನ್ನು ತೆಗೆದು ಎರಡು ಪದಗಳ ಮುಂದೆ ಇನ್ನೆರಡನ್ನು ಸೇರಿಸಬಹುದು ಎಂದು ಯೋಚಿಸಿ, ಶಾಯಿಯ ಬಣ್ಣ ಬೇರೆಯಾಗಿ ಕಾಣುತ್ತದೆ ಎಂದೂ ಅದೇ ಉಸಿರಿನಲ್ಲಿ ಯೋಚಿಸಿ, ಹಾಗೆ ಯೋಚಿಸಿದ ತನ್ನನ್ನು ದೂರದಿಂದ ಯಾರನ್ನೋ ನೋಡುವಂತೆ ನೋಡಿದ.

ಪುಷ್ಪಲತಾ ಮೇಡಂ ಹನ್ನೊಂದು ಐವತ್ತಕ್ಕೆ ಬಂದರು. ಹೈವೇಯಲ್ಲಿ ಲಾರಿಯೊಂದು ಅಡ್ಡ ಬಿದ್ದಿತ್ತಂತೆ. ಯಾರೂ ಕೇಳದಿದ್ದರೂ ಕಾರಣ ಹೇಳಿದರು. ಕೆಟ್ಟವರಂತೆ ಕಾಣಲಿಲ್ಲ. ಹೊಳಿಯವ್ವನನ್ನು ಕರೆಸಿ, ನೆಲದ ಮೇಲೆ ಕೂರಲು ಹೋದವಳನ್ನು ತಡೆದು ಕುರ್ಚಿಯಲ್ಲಿ ಕೂರಿಸಿದರು. ನೀರು ತರಿಸಿದರು. ಹೆಡ್‌ಮಾಸ್ತರರು ಗೋಡೆಗೆ ಒರಗಿ ನಿಂತರು. ವಿಜಯಮಹಾಂತೇಶ ಪುಸ್ತಕ ಹಿಡಿದು ಮೇಜಿನ ಮೂಲೆಯಲ್ಲಿ.

“ನಿಮ್ಮ ಮಗಳಿಗೆ ಆರಾಮ ಇಲ್ಲ ಅಂತ ಸಾಲಿಗೆ ತಿಳಿಸಿದ್ರೇನವಾ?” ಮೇಡಂ ಮೃದುವಾಗಿಯೇ ಕೇಳಿದರು.

“ಹೇಳೇನ್ರಿ. ಬಂದಾಗೆಲ್ಲಾ ಹೇಳೇನಿ.”

“ಡಾಕ್ಟರ್ ಚೀಟಿ ಕೊಟ್ಟಿದ್ರಿ?”

“ಯಾರೂ ಕೇಳಿಲ್ರಿ. ಕೇಳಿದ್ರ ತರ್ತಿದ್ದೆ. ಟ್ರಂಕಿನ್ಯಾಗ ಐತಿ ಇನ್ನೂ.”

“ನೋಟೀಸ್ ಬೋರ್ಡಿಗೆ ಹಚ್ಚೇವ್ರಿ ಮೇಡಂ, ಅನಾರೋಗ್ಯ ಇದ್ರ ಚೀಟಿ ತರಬೇಕಂತ” ಎಂದರು ಹೆಡ್‌ಮಾಸ್ತರರು.

ಹೊಳಿಯವ್ವ ಅವರ ಕಡೆ ನೋಡಲಿಲ್ಲ. ವಿಜಯಮಹಾಂತೇಶನ ಕೈಯಲ್ಲಿದ್ದ ಪುಸ್ತಕವನ್ನು ತೋರಿಸಿದಳು. “ಅದರಾಗ ಐತ್ರಿ ಮೇಡಮ್ಮಾರ. ಇವರು ನನ್ನ ಮುಂದ ಬರಕೊಂಡಾರ. ನಾ ಹೇಳಿದ್ದಕ್ಕ ಹೆಬ್ಬಟ್ಟ ಒತ್ತೇನಿ. ನಿಮ್ಮಿಂದ ಬ್ಯಾಡ, ಇವರ ಬಾಯಿಲೆ ಓದಿಸ್ರಿ.”

ಮೇಡಂ ತಲೆಯಾಡಿಸಿದರು. ಅವನು ಪುಟ ತೆರೆದ. ತಾರೀಖು ಓದಿದ, ಹೆಸರು ಓದಿದ, ಒಂಬತ್ತು ಐವತ್ತೆರಡು ಎಂದು ಓದಿದ. ಅವಳು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದಳು, ಪುರಾಣ ಕೇಳುವವರ ಹಾಗೆ. “ಕಾರಣ, ತಡವಾಗಿ ಎದ್ದದ್ದು.” ಹೂಂ ಎಂದಳು, ಅದು ಮೊದಲ ಭಾಗವೆಂದೂ ಉಳಿದದ್ದು ಬರಲಿದೆಯೆಂದೂ ತಿಳಿದಿದ್ದಳು. ಅವನು ಎರಡನೆಯ ಸಾಲಿಗೆ ಹೋದ. ಮೂರನೆಯದಕ್ಕೆ. ಐದನೆಯದರ ಹೊತ್ತಿಗೆ ಹೂಂ ನಿಂತಿತ್ತು. ಆರನೆಯದರಲ್ಲಿ ಅವನು ಸುಮ್ಮನಾದಾಗ ಮೇಡಂ ಬಗ್ಗಿ ನೋಡಿದರು.

“ಇಲ್ಲಿ ಏನೂ ಇಲ್ಲಲ್ರಿ. ಎರಡ್ ಗೀಟ ಅದಾವು.”

“ಮೇಲಿನಂಗ ಅಂತ್ರಿ ಮೇಡಂ.”

“ಮೇಲಿನಂಗ ಅಂದ್ರ? ಮ್ಯಾಲಿಂದು ಬ್ಯಾರೇ ಹುಡುಗಂದಲ್ಲ?”

“ಹೌದ್ರಿ.”

ಅವರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟದಲ್ಲಿ ಎಲ್ಲವೂ ತಿಳಿದುಹೋಯಿತು, ಇನ್ನು ತಾನು ಹೇಳಬೇಕಾದ್ದಿಲ್ಲ ಎಂದು ಅವನಿಗೆ ಒಂದು ಕ್ಷಣ ಬಿಡುಗಡೆಯಂತೆ ಅನಿಸಿತು. ಆದರೆ ಅವರು ಕೇಳಿಯೇಬಿಟ್ಟರು. “ನೀವ ಹೇಳ್ರಿ. ಈಕಿ ನಿಮ್ಮ ಮುಂದ ಹುಡುಗಿ ಆರೋಗ್ಯದ್ದು ಏನರ ಹೇಳಿದ್ಲೇನು?”

ಗಡಿಯಾರದ ಸದ್ದು ಕೇಳಿಸಿತು. ಹೊರಗೆ ಯಾವುದೋ ಕ್ಲಾಸಿನ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಗೋಡೆಗೊರಗಿದ್ದ ಫಕ್ಕೀರಪ್ಪನವರು ಕನ್ನಡಕ ತೆಗೆದಿದ್ದರು. ಬಾಗಿಲ ಬಳಿ ಲೋಟ ಹಿಡಿದು ನಿಂತ ಮೆಹಬೂಬಿ ನೆಲ ನೋಡುತ್ತಿದ್ದಳು. ಹೌದು ಎನ್ನಲು ಒಂದೇ ಪದ ಸಾಕು, ಒಂದೂವರೆ ಇಂಚೂ ಬೇಕಿಲ್ಲ. ಅದು ನಾಲಗೆಯ ಮೇಲೆ ಬಂದಿತ್ತು. ಅದರ ತೂಕ ಕೂಡ ಅವನಿಗೆ ಗೊತ್ತಾಯಿತು.

“ನೆನಪಿಲ್ರಿ ಮೇಡಂ” ಎಂದ. “ದಿನಾ ಇಪ್ಪತ್ತು ಮೂವತ್ತ್ ಮಂದಿ ಬರ್ತಾರ್ರಿ.”

ಹೊಳಿಯವ್ವ ಅವನ ಕಡೆ ತಿರುಗಿದಳು. ಈಗ ಕೂಗುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಕಾದ. ಒಳಗೊಳಗೇ ಅದನ್ನು ಬೇಡಿಕೊಂಡ. ಅವಳು ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡಿದಳು.

“ಹಂಗಿದ್ರ ನಾನ ಸರಿಯಾಗಿ ಹೇಳಿಲ್ಲ ಅನಸ್ತೈತ್ರಿ” ಎಂದಳು ನಿಧಾನವಾಗಿ. “ಕಲ್ತಾವ್ರು ಅವರು. ತಿಳದಿದ್ರ ಬರೀತಿದ್ರು. ನನಗ ಹೇಳಾಕ ಬಂದಿಲ್ಲ. ಲಗೂ ಕೆಲಸಕ್ಕ ಹೋಗೂ ಗಡಿಬಿಡ್ಯಾಗ ಏನ್ ಹೇಳಿದ್ನೋ ಏನ್ ಬಿಟ್ನೋ.” ಆಮೇಲೆ ಯಾರಿಗೂ ಅಲ್ಲದಂತೆ, “ನನ್ನ ಬಾಯಿಗೆ ಬೆಂಕಿ ಬೀಳಲಿ” ಎಂದಳು.

ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದು ಮುಚ್ಚಿದರು. ಕೊನೆಗೆ, “ಆಕಿ ಹೇಳಿದಷ್ಟ ಬರಕೊಂಡು ಹೆಬ್ಬಟ್ಟ ತಗೋರಿ, ಜಾಸ್ತಿ ಏನೂ ಬ್ಯಾಡ” ಎಂದು, ಮೊಬೈಲು ಬಡಿದುಕೊಂಡದ್ದರಿಂದ ಹೊರಗೆ ಹೋದರು. ಹೆಡ್‌ಮಾಸ್ತರರು ಹತ್ತಿರ ಬಂದು, ಅವಳಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಬರೆಸಿದರು. ನನ್ನ ಮಗಳ ಕಾಯಿಲೆಯ ವಿಷಯವನ್ನು ಶಾಲೆಗೆ ಲಿಖಿತವಾಗಿಯಾಗಲಿ ಮೌಖಿಕವಾಗಿಯಾಗಲಿ ನಾನು ತಿಳಿಸಿರುವುದಿಲ್ಲ. ಈ ಬಗ್ಗೆ ಶಾಲೆಯ ಮೇಲೆ ನನ್ನ ಯಾವ ತಕರಾರೂ ಇರುವುದಿಲ್ಲ. ನಾಲ್ಕು ಸಾಲಾಯಿತು. ಅವನ ಅಕ್ಷರ ಎಂದಿನಂತೆ ದುಂಡಗೆ ಬಂತು. ದುಂಡಗೆ ಬಂದದ್ದನ್ನು ಅವನು ಗಮನಿಸಿದ. ಫಕ್ಕೀರಪ್ಪನವರು ಮೇಡಂ ಅವರನ್ನು ಚಹಾಕ್ಕೆ ತಮ್ಮ ಕೋಣೆಗೆ ಕರೆದೊಯ್ದರು. ಮೆಹಬೂಬಿ ಕಪ್ಪುಗಳ ಜೊತೆ ಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವನು ಮಸಿಯ ಪ್ಯಾಡು ತೆರೆದು ಅವಳ ಮುಂದೆ ಸರಿಸಿದ, ಕಾಗದದ ಕೆಳಮೂಲೆಯನ್ನು ಬೆರಳಿನಿಂದ ತೋರಿಸಿದ. ಹನ್ನೊಂದು ಸಲವೂ ಅವಳು ಎಲ್ಲಿ ತೋರಿಸಿದರೆ ಅಲ್ಲಿ ಒತ್ತಿ ಹೋಗಿದ್ದಳು. ಈಗ ಕೈ ಮುಂದೆ ಬರಲಿಲ್ಲ.

“ಸಾಹೇಬ್ರ, ಈ ಸಲ ಓದಿ ಹೇಳ್ರಿ” ಎಂದಳು. “ನಾ ಎಲ್ಲಿ ತಪ್ಪಿ ಹೇಳೇನಿ ನನಗರ ತಿಳೀಲಿ.”

ಅವನು ಕಾಗದ ಎತ್ತಿಕೊಂಡ. ನಾಲ್ಕು ಸಾಲು, ಓದಲು ಅರ್ಧ ನಿಮಿಷ. ಮೊದಲ ಸಾಲಿನ ಕೆಳಗೆ ಬೆರಳಿಟ್ಟ. “ನನ್ನ ಮಗಳು ಶ್ವೇತಾಗೆ ಮುಂಜಾನೆ ಎದ್ದ ಕೂಡಲೇ ಎದೆ ಬಡಿದುಕೊಳ್ಳುತ್ತಿತ್ತು” ಎಂದು ಓದಿದ. ತನ್ನ ದನಿ ತನಗೇ ಕೇಳಿ ಬೆಚ್ಚಿದ. ನಿಲ್ಲಿಸಲಾಗಲಿಲ್ಲ. “ಗೋಡೆಗೆ ತಲೆಯಾನಿಸಿ ಅರ್ಧ ತಾಸು ಕುಳಿತ ಮೇಲೆಯೇ ಅವಳು ಏಳುತ್ತಿದ್ದಳು. ನಡೆದರೆ ದಮ್ಮು ಹತ್ತುತ್ತಿತ್ತು. ದಾರಿಯಲ್ಲಿ ಮೂರು ಕಡೆ ಕೂರಿಸಿ ಕರೆತರುತ್ತಿದ್ದೆ. ಹಾವೇರಿಯ ದವಾಖಾನೆಯಲ್ಲಿ ಹುಬ್ಬಳ್ಳಿಗೆ ಒಯ್ಯಲು ಹೇಳಿದ್ದರು. ಇದನ್ನೆಲ್ಲ ನಾನು ಶಾಲೆಯ ಆಫೀಸಿಗೆ ಬಂದಾಗಲೆಲ್ಲ, ಹನ್ನೊಂದು ಸಲ, ಬಾಯಿಬಿಟ್ಟು ಹೇಳಿದ್ದೇನೆ.” ಅವಳ ಒಂದು ಮಾತನ್ನೂ ಅವನು ಮರೆತಿರಲಿಲ್ಲ. ಬೆರಳು ಸಾಲಿನ ಮೇಲೆ ಎಡದಿಂದ ಬಲಕ್ಕೆ ಚಲಿಸುತ್ತಿತ್ತು. ನಾಲ್ಕು ಸಾಲು ಮುಗಿದಾಗ ಬೆರಳು ಮತ್ತೆ ಮೊದಲಿನ ಸಾಲಿಗೆ ಹೋಗಿ ನಡೆಯಿತು. ಇಷ್ಟು ಸರಾಗವಾಗಿ, ಇಷ್ಟು ಸ್ಪಷ್ಟವಾಗಿ ಅವನು ಬದುಕಿನಲ್ಲಿ ಏನನ್ನೂ ಓದಿರಲಿಲ್ಲ. ಓದುತ್ತ ಓದುತ್ತ, ತಾನು ನಿಜ ಹೇಳುತ್ತಿದ್ದೇನೆಂದೇ ಅವನಿಗೆ ಅನಿಸತೊಡಗಿತು.

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆದರೆ ಮುಖ ತಿಳಿಯಾಗಿತ್ತು. “ಹೌದ್ರಿ. ಹಿಂಗ ಹೇಳಿದ್ದೆ. ಅಕ್ಷರ ಬಿಡದಂಗ ಹಿಂಗ.” ಸೆರಗಿನಿಂದ ಮೂಗೊರೆಸಿಕೊಂಡಳು. “ಕಾಲ್ ಬಾತದ್ದು ಬರಲಿಲ್ಲಲ್ರಿ? ಸಂಜೀಕ ಕಾಲ್ ಬಾಯ್ತಾವು ಅಂತ ಕಡೀಗೆ ಎರಡ್ ಸಲ ಹೇಳೇನಿ. ಅದನ್ನೂ ಹಾಕ್ರಿ.”

“ಹಾಕ್ತೇನಿ.”

ಅವನು ಪೆನ್ನಿನ ಕ್ಯಾಪು ತೆಗೆದ. ಅವಳು ಕುರ್ಚಿಯ ತುದಿಗೆ ಸರಿದು, ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು. ಅವನು ಐದನೆಯ ಸಾಲು ಬರೆದ, ಇಂಥ ಕಾಗದಗಳ ಕೆಳಗೆ ಬರೆಯಬೇಕಾದದ್ದನ್ನೇ ಬರೆದ: ಮೇಲಿನದ್ದನ್ನು ಓದಿ ಹೇಳಲಾಯಿತು, ಕೇಳಿ, ಸರಿಯಿದೆ ಎಂದು ಒಪ್ಪಿಕೊಂಡಿರುತ್ತಾರೆ.

“ಬರದ್ರೀ?”

“ಬರದೆನವಾ.”

ಅವಳು ತಾನೇ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಅವನು ತೋರಿಸುವ ಮೊದಲೇ, ಬರಹ ಮುಗಿದಲ್ಲಿ ಗಟ್ಟಿಯಾಗಿ ಊರಿದಳು. ಎತ್ತಿದಾಗ ಗೆರೆಗಳು ಒಂದೂ ಕಲಸದೆ ಮೂಡಿದ್ದವು. ಬೆರಳಿನ ಮಸಿಯನ್ನು ಕೂದಲಿಗೆ ಒರೆಸಿಕೊಂಡು ಎದ್ದು ನಿಂತಳು.

“ನೀವು ಬರಕೊಂಡೇ ಇರ್ತೀರಿ ಅಂತ ನನಗ ಗೊತ್ತಿತ್ರಿ” ಎಂದಳು. “ಅವರಿಗೆ ತೋರಿಸಿದ್ ಬುಕ್ ಬ್ಯಾರೇ ಇರಬೇಕು.”

ಒಳಗಿನ ಕೋಣೆಯಿಂದ ಫಕ್ಕೀರಪ್ಪನವರ ದನಿ ಬಂತು. “ಆತೇನ್ರಿ ವಿಜಯಮಹಾಂತೇಶ? ಮೇಡಮ್ಮಾರಿಗೆ ಹೊತ್ತಾಗಾಕತ್ತೈತಿ.”

“ಆತ್ರಿ ಸರ್” ಎಂದ ಅವನು.